ಮಧ್ಯಮ ಹಂತದ ಹಣಕಾಸು ಲೆಕ್ಕಶಾಸ್ತ್ರ: ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಕಾಲೇಜು ವ್ಯಾಸಂಗ

ಮಧ್ಯಮ ಹಂತದ ಹಣಕಾಸು ಲೆಕ್ಕಶಾಸ್ತ್ರವೆಂದರೆ ದಿನವಹಿ, ಖಾತಾವಹಿ, ತಾಳೆಪಟ್ಟಿ ಮತ್ತು ಅಂತಿಮ ಲೆಕ್ಕಗಳ ಮೊದಲ ಪಾಠಕ್ಕೂ ಕಂಪನಿಗಳ ವಿಲೀನ, ಸಮೂಹ ಲೆಕ್ಕಗಳಂಥ ಉನ್ನತ ಪಾಠಕ್ಕೂ ನಡುವೆ ಬರುವ ಲೆಕ್ಕಶಾಸ್ತ್ರದ ಭಾಗ. ಪಾಲುದಾರಿಕೆಯ ವಿಸರ್ಜನೆ, ಶಾಖೆ ಮತ್ತು ವಿಭಾಗಗಳ ಲೆಕ್ಕ, ಬಾಡಿಗೆ ಖರೀದಿ, ವಿಮಾ ಪರಿಹಾರ, ಸವಕಳಿ, ದಾಸ್ತಾನಿನ ಮೌಲ್ಯಮಾಪನ, ಷೇರು ಮತ್ತು ಡಿಬೆಂಚರುಗಳ ಲೆಕ್ಕ, ಲೆಕ್ಕಮಾನಕಗಳ ಅನ್ವಯ ಇದರ ಮುಖ್ಯ ವಿಷಯಗಳು. ತಮಿಳುನಾಡಿನ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ಇದನ್ನು ಬಿ.ಕಾಂ. ಪದವಿಯ ಎರಡರಿಂದ ನಾಲ್ಕನೆಯ ಸೆಮಿಸ್ಟರ್‌ವರೆಗೆ ಕಲಿಸುತ್ತಾರೆ. ಚಾರ್ಟರ್ಡ್ ಅಕೌಂಟೆಂಟ್ ಮತ್ತು ಕಾಸ್ಟ್ ಅಕೌಂಟೆಂಟ್ ಪರೀಕ್ಷೆಗಳ ಇಂಟರ್‌ಮೀಡಿಯೆಟ್ ಹಂತಕ್ಕೂ ಇದೇ ತಳಹದಿ.

ವ್ಯಾಪ್ತಿ

‘ಇಂಟರ್‌ಮೀಡಿಯೆಟ್’ ಎಂಬ ಹೆಸರು ಬೇರೆ ಬೇರೆ ಕಡೆ ಬೇರೆ ಬೇರೆ ಅರ್ಥದಲ್ಲಿ ಬಳಕೆಯಲ್ಲಿದೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಆ ಹೆಸರಿನ ಪತ್ರಿಕೆಗಳೇ ಇವೆ. ಭಾರತದಲ್ಲಿ ಅದು ವೃತ್ತಿಪರ ಪರೀಕ್ಷೆಗಳ ನಡುಹಂತಕ್ಕೆ ಸಲ್ಲುತ್ತದೆ. ಪದವಿಗೆ ಮುನ್ನ ಹಿಂದೆ ಇದ್ದ ಎರಡು ವರ್ಷದ ತರಗತಿಗೂ ಅದೇ ಹೆಸರಿತ್ತು. ತಮಿಳುನಾಡಿನ ಬಿ.ಕಾಂ. ಪಠ್ಯಕ್ರಮದಲ್ಲಿ ಈ ಹೆಸರಿನ ಪತ್ರಿಕೆ ಇಲ್ಲ. ಅಲ್ಲಿನ ‘ಫೈನಾನ್ಷಿಯಲ್ ಅಕೌಂಟಿಂಗ್–2’ ಮತ್ತು ಕಾರ್ಪೊರೇಟ್ ಅಕೌಂಟಿಂಗ್ ಪತ್ರಿಕೆಗಳ ಬಹುಭಾಗ ಈ ಹಂತಕ್ಕೆ ಸೇರುತ್ತದೆ. ಈ ಲೇಖನದಲ್ಲಿ ‘ಮಧ್ಯಮ ಹಂತ’ ಎಂದರೆ ಆ ಪತ್ರಿಕೆಗಳು ಮತ್ತು ಅವಕ್ಕೆ ಸಮನಾದ ವೃತ್ತಿಪರ ಪತ್ರಿಕೆಗಳು.

ಹಿನ್ನೆಲೆ

ಜೋಡಿ ನಮೂದು ಪದ್ಧತಿಯನ್ನು ಮುದ್ರಿತ ಪುಸ್ತಕದಲ್ಲಿ ಕ್ರಮವಾಗಿ ವಿವರಿಸಿದವನು ಇಟಲಿಯ ಲೂಕಾ ಪಾಚೋಲಿ. ಅವನ ಗ್ರಂಥ 1494ರಲ್ಲಿ ವೆನಿಸ್ಸಿನಲ್ಲಿ ಪ್ರಕಟವಾಯಿತು. ಭಾರತದಲ್ಲಿ ವಾಣಿಜ್ಯ ಶಿಕ್ಷಣ ಕಾಲೇಜು ಮೆಟ್ಟಿಲೇರಿದ್ದು ಬಹಳ ತಡವಾಗಿ. ಮುಂಬಯಿಯ ಸಿಡನ್‌ಹ್ಯಾಂ ಕಾಲೇಜು 1913ರಲ್ಲಿ ಆರಂಭವಾಯಿತು. ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ 1949ರ ಜುಲೈ 1ರಂದು ಅಸ್ತಿತ್ವಕ್ಕೆ ಬಂತು. ಆ ಸಂಸ್ಥೆ 1977ರಲ್ಲಿ ಲೆಕ್ಕಮಾನಕ ಮಂಡಳಿಯನ್ನು ರಚಿಸಿತು. ಅಲ್ಲಿಯವರೆಗೆ ಪಠ್ಯಪುಸ್ತಕಗಳ ರೂಢಿಯನ್ನೇ ನೆಚ್ಚಿದ್ದ ಕಾಲೇಜು ಪಾಠಕ್ಕೆ ಮಾನಕಗಳ ಆಧಾರ ದೊರೆತದ್ದು ಇದರ ನಂತರ.

ಕೊಯಮತ್ತೂರು ಸೀಮೆ 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಈಗ ಚಾಮರಾಜನಗರ ಜಿಲ್ಲೆಗೆ ಸೇರಿರುವ ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ನೇಯ್ಗೆ ಮತ್ತು ಬಟ್ಟೆ ವ್ಯಾಪಾರದಲ್ಲಿ ತೊಡಗಿದ ಕನ್ನಡ ಮಾತಿನ ದೇವಾಂಗ ಕುಟುಂಬಗಳು ಈ ಭಾಗದಲ್ಲಿ ಹಿಂದಿನಿಂದಲೂ ಇವೆ. ಕೊಯಮತ್ತೂರು ನಗರದ ಮೊದಲ ನೂಲಿನ ಗಿರಣಿ 1888ರಲ್ಲಿ ಶುರುವಾಯಿತು. 1930ರ ದಶಕದ ಆರಂಭದಲ್ಲಿ ಪೈಕಾರಾ ಜಲವಿದ್ಯುತ್ ಬಂದ ಮೇಲೆ ಗಿರಣಿಗಳು ಹೆಚ್ಚಿದವು; ಅವುಗಳ ಹಿಂದೆಯೇ ಗಿರಣಿ ಯಂತ್ರ, ಪಂಪು, ಎರಕದ ಕಾರ್ಖಾನೆಗಳು ಬೆಳೆದವು. ಲೆಕ್ಕ ಬಲ್ಲ ಗುಮಾಸ್ತರಿಗೆ ಬೇಡಿಕೆ ಹುಟ್ಟಿದ್ದು ಈ ಕಾರ್ಖಾನೆಗಳ ಕಚೇರಿಗಳಲ್ಲಿ.

ಕೊಯಮತ್ತೂರಿನ ಸರ್ಕಾರಿ ಕಲಾ ಕಾಲೇಜಿನ ಮೂಲ 1852ರಲ್ಲಿ ಆರಂಭವಾದ ಶಾಲೆ. ಪಿ.ಎಸ್.ಜಿ. ಕಲಾ ಮತ್ತು ವಿಜ್ಞಾನ ಕಾಲೇಜು 1947ರಲ್ಲಿ, ಪೊಳ್ಳಾಚಿಯ ನಲ್ಲಮುತ್ತು ಗೌಂಡರ್ ಮಹಾಲಿಂಗಂ ಕಾಲೇಜು 1957ರಲ್ಲಿ, ಪಿ.ಎಸ್.ಜಿ.ಆರ್. ಕೃಷ್ಣಮ್ಮಾಳ್ ಮಹಿಳಾ ಕಾಲೇಜು 1963ರಲ್ಲಿ ಸ್ಥಾಪನೆಯಾದವು. ತಿರುಪ್ಪೂರಿನಲ್ಲಿ ಚಿಕ್ಕಣ್ಣ ಸರ್ಕಾರಿ ಕಲಾ ಕಾಲೇಜು ಮತ್ತು ಎಲ್.ಆರ್.ಜಿ. ಸರ್ಕಾರಿ ಮಹಿಳಾ ಕಲಾ ಕಾಲೇಜು ಇವೆ. ಮೊದಲು ಇಲ್ಲಿನ ಕಾಲೇಜುಗಳು ಮದ್ರಾಸು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 1982ರಲ್ಲಿ ಭಾರತಿಯಾರ್ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದರ ವ್ಯಾಪ್ತಿಗೆ ಬಂದವು. ಪಿ.ಎಸ್.ಜಿ. ಕಲಾ ಕಾಲೇಜು 1978ರಲ್ಲೇ ಸ್ವಾಯತ್ತತೆ ಪಡೆದಿತ್ತು. ಸ್ವಾಯತ್ತ ಕಾಲೇಜುಗಳು ತಮ್ಮ ಪಠ್ಯಕ್ರಮವನ್ನು ತಾವೇ ರೂಪಿಸಿ ಪರೀಕ್ಷೆಯನ್ನೂ ತಾವೇ ನಡೆಸುತ್ತವೆ, ಪದವಿಯನ್ನು ಮಾತ್ರ ವಿಶ್ವವಿದ್ಯಾಲಯ ನೀಡುತ್ತದೆ. ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾದದ್ದು 2009ರಲ್ಲಿ.

ಪಠ್ಯದ ರಚನೆ

ತಮಿಳುನಾಡಿನ ಹನ್ನೆರಡನೆಯ ತರಗತಿಯ ಲೆಕ್ಕಶಾಸ್ತ್ರದಲ್ಲೇ ಅಪೂರ್ಣ ದಾಖಲೆಗಳಿಂದ ಲೆಕ್ಕ ತಯಾರಿ, ಗುಡ್‌ವಿಲ್, ಪಾಲುದಾರನ ಪ್ರವೇಶ, ನಿವೃತ್ತಿ ಮತ್ತು ಮರಣ, ಕಂಪನಿ ಲೆಕ್ಕಗಳ ಪರಿಚಯ, ಅನುಪಾತ ವಿಶ್ಲೇಷಣೆ, ಟ್ಯಾಲಿ ಎಲ್ಲವೂ ಬಂದುಹೋಗುತ್ತವೆ. ವಾಣಿಜ್ಯ ವಿಭಾಗದಿಂದ ಬಂದವರಿಗೆ ಪದವಿಯ ಮೊದಲ ಸೆಮಿಸ್ಟರ್ ಬಹುಪಾಲು ಪುನರಾವರ್ತನೆ. ವಿಜ್ಞಾನ ವಿಭಾಗದಿಂದ ಬಂದವರಿಗೆ ಅದು ಅಕ್ಷರಾಭ್ಯಾಸ. ಒಂದೇ ಬೆಂಚಿನಲ್ಲಿ ಕೂತ ಈ ಇಬ್ಬರ ಅಂತರ ಎರಡನೆಯ ಸೆಮಿಸ್ಟರಿನಲ್ಲಿ, ಅಂದರೆ ಮಧ್ಯಮ ಹಂತ ಶುರುವಾಗುವಲ್ಲಿ, ಬಯಲಾಗುತ್ತದೆ.

ತಮಿಳುನಾಡು ರಾಜ್ಯ ಉನ್ನತ ಶಿಕ್ಷಣ ಮಂಡಳಿ 2023ರಲ್ಲಿ ಮಾದರಿ ಪಠ್ಯಕ್ರಮ ಹೊರಡಿಸಿತು. ಅದರಂತೆ ಎರಡನೆಯ ಸೆಮಿಸ್ಟರಿನ ಹಣಕಾಸು ಲೆಕ್ಕಶಾಸ್ತ್ರ ಪತ್ರಿಕೆಯಲ್ಲಿ ಬಾಡಿಗೆ ಖರೀದಿ ಮತ್ತು ಕಂತು ಪದ್ಧತಿ, ಶಾಖೆ ಮತ್ತು ವಿಭಾಗಗಳ ಲೆಕ್ಕ, ಪಾಲುದಾರಿಕೆ, ಅದರ ವಿಸರ್ಜನೆ, ಲೆಕ್ಕಮಾನಕಗಳ ಪರಿಚಯ ಬರುತ್ತವೆ. ಮೂರನೆಯ ಸೆಮಿಸ್ಟರಿನ ಕಾರ್ಪೊರೇಟ್ ಲೆಕ್ಕಶಾಸ್ತ್ರದಲ್ಲಿ ಷೇರು ನೀಡಿಕೆ, ಮುಟ್ಟುಗೋಲು, ಪ್ರಾಶಸ್ತ್ಯ ಷೇರು ಮತ್ತು ಡಿಬೆಂಚರುಗಳ ವಿಮೋಚನೆ, 2013ರ ಕಂಪನಿ ಕಾಯ್ದೆಯ ಮೂರನೆಯ ಅನುಸೂಚಿಯಂತೆ ಅಂತಿಮ ಲೆಕ್ಕ, ಗುಡ್‌ವಿಲ್ ಮತ್ತು ಷೇರುಗಳ ಮೌಲ್ಯಮಾಪನ. ನಾಲ್ಕನೆಯದರಲ್ಲಿ ವಿಲೀನ, ಆಂತರಿಕ ಪುನಾರಚನೆ, ಹಿಡುವಳಿ ಕಂಪನಿಗಳ ಲೆಕ್ಕ ಬರುತ್ತವೆ. ಮಧ್ಯಮ ಹಂತ ಇಲ್ಲಿ ಉನ್ನತ ಹಂತಕ್ಕೆ ಕೂಡಿಕೊಳ್ಳುತ್ತದೆ. ಸ್ವಾಯತ್ತ ಕಾಲೇಜುಗಳಲ್ಲಿ ಘಟಕಗಳ ಹಂಚಿಕೆ ತುಸು ಬೇರೆಯಾಗಿರುತ್ತದೆ.

ಮುಖ್ಯ ವಿಷಯಗಳು

ದಾಸ್ತಾನು ಮತ್ತು ಜಾಬ್ ವರ್ಕ್. ತಿರುಪ್ಪೂರಿನ ಬನಿಯನ್ ಉದ್ಯಮದಲ್ಲಿ ಒಂದೇ ಸೂರಿನಡಿ ಎಲ್ಲ ಕೆಲಸ ಮುಗಿಯುವುದು ಕಡಿಮೆ. ನೂಲು ಹೆಣಿಗೆ ಘಟಕಕ್ಕೆ, ಅಲ್ಲಿಂದ ಬಟ್ಟೆ ಬಣ್ಣದ ಘಟಕಕ್ಕೆ, ಮುಂದೆ ಕಾಂಪ್ಯಾಕ್ಟಿಂಗ್, ಪ್ರಿಂಟಿಂಗ್, ಕಸೂತಿ, ಹೊಲಿಗೆ ಘಟಕಗಳಿಗೆ ಹೋಗುತ್ತದೆ. ಪ್ರತಿಯೊಂದು ಘಟಕವೂ ಕೂಲಿ ಪಡೆಯುತ್ತದೆಯೇ ಹೊರತು ಮಾಲು ಕೊಳ್ಳುವುದಿಲ್ಲ; ಜಾಬ್ ವರ್ಕ್ ಎಂದರೆ ಇದೇ. ಆದ್ದರಿಂದ ಮಾರ್ಚ್ 31ರಂದು ರಫ್ತುದಾರನ ದಾಸ್ತಾನಿನ ದೊಡ್ಡ ಪಾಲು ಬೇರೆಯವರ ಗೋದಾಮುಗಳಲ್ಲಿರುತ್ತದೆ. ಒಡೆತನ ಅವನದೇ ಆದ್ದರಿಂದ ಅದು ಅವನ ಆಸ್ತಿ-ಹೊಣೆ ಪಟ್ಟಿಯಲ್ಲೇ ಇರಬೇಕು. ದಾಸ್ತಾನಿನ ಲೆಕ್ಕಮಾನಕವಾದ ಎಎಸ್-2ರ ಪ್ರಕಾರ ಅದರ ಬೆಲೆ ಕಟ್ಟುವ ಕ್ರಮವನ್ನು ಒಂದು ಕಲ್ಪಿತ ಲೆಕ್ಕದಿಂದ ತೋರಿಸಬಹುದು:

ಕಿಲೋಗೆ ₹300ರಂತೆ 1,000 ಕಿಲೋ ನೂಲು, ₹3,00,000. ಹೆಣಿಗೆ ಕೂಲಿ ₹15,000, ಬಣ್ಣದ ಕೂಲಿ ₹1,00,000. ಒಟ್ಟು ₹4,15,000. ಈ ಕೆಲಸದಲ್ಲಿ ಶೇ. 5ರಷ್ಟು ತೂಕ ಇಳಿಯುವುದು ಸಹಜವೆಂದು ಇಟ್ಟುಕೊಂಡರೆ ಬರಬೇಕಾದ ಬಟ್ಟೆ 950 ಕಿಲೋ. ವೆಚ್ಚವನ್ನು 1,000ದಿಂದಲ್ಲ, 950ರಿಂದ ಭಾಗಿಸಬೇಕು; ಆಗ ಕಿಲೋಗೆ ₹436.84. ನಿಜವಾಗಿ ಬಂದದ್ದು 920 ಕಿಲೋ ಮಾತ್ರವಾದರೆ ಉಳಿದ 30 ಕಿಲೋ ಅಸಹಜ ನಷ್ಟ. ಅದರ ಬೆಲೆ ₹13,105 ನೇರವಾಗಿ ಲಾಭ-ನಷ್ಟದ ಲೆಕ್ಕಕ್ಕೆ ಹೋಗುತ್ತದೆ, ದಾಸ್ತಾನು ₹4,01,895ಕ್ಕೆ ನಿಲ್ಲುತ್ತದೆ. ಮಾರಿದರೆ ಕೈಗೆ ಬರುವ ನಿವ್ವಳ ಬೆಲೆ ಇದಕ್ಕಿಂತ ಕಡಿಮೆಯಿದ್ದರೆ ದಾಸ್ತಾನನ್ನು ಆ ಬೆಲೆಗೆ ಇಳಿಸಬೇಕು.

ಸಹಜ ನಷ್ಟವನ್ನು ಉಳಿದ ಮಾಲು ಹೊರುತ್ತದೆ, ಅಸಹಜ ನಷ್ಟವನ್ನು ಲಾಭ ಹೊರುತ್ತದೆ. ವಿದ್ಯಾರ್ಥಿಗಳು ಹೆಚ್ಚಾಗಿ ತಪ್ಪುವುದು ಈ ಭಾಗಾಕಾರದಲ್ಲೇ. ಕಾಲೇಜು ಪಠ್ಯದಲ್ಲಿ ಈ ಲೆಕ್ಕ ‘ಕನ್‌ಸೈನ್‌ಮೆಂಟ್’ ಅಥವಾ ವೆಚ್ಚ ಲೆಕ್ಕಶಾಸ್ತ್ರದ ಹೆಸರಿನಲ್ಲಿ ಬರುತ್ತದೆ. ಗಣಿ ಗುತ್ತಿಗೆಯ ರಾಯಧನಕ್ಕೂ ಸ್ಥಾನವಿರುವ ಪಠ್ಯಕ್ರಮದಲ್ಲಿ ಜಾಬ್ ವರ್ಕ್‌ಗೆ ಪ್ರತ್ಯೇಕ ಘಟಕವಿಲ್ಲದಿರುವುದು ಈ ಎರಡು ಜಿಲ್ಲೆಗಳ ಮಟ್ಟಿಗೆ ಎದ್ದು ಕಾಣುವ ಕೊರತೆ.

ಸವಕಳಿ. ಕಂಪನಿ ಕಾಯ್ದೆಯ ಎರಡನೆಯ ಅನುಸೂಚಿ ಸಾಮಾನ್ಯ ಯಂತ್ರಗಳಿಗೆ 15 ವರ್ಷ, ಕಂಪ್ಯೂಟರಿಗೆ 3 ವರ್ಷ ಆಯುಷ್ಯ ಗೊತ್ತುಮಾಡಿದೆ. ಎರಡು ಪಾಳಿ ನಡೆದ ಅವಧಿಗೆ ಸವಕಳಿ ಶೇ. 50, ಮೂರು ಪಾಳಿಗೆ ಶೇ. 100 ಹೆಚ್ಚುತ್ತದೆ. ನೂಲಿನ ಗಿರಣಿಗಳಲ್ಲಿ ಮೂರು ಪಾಳಿ ಮಾಮೂಲು. ₹60 ಲಕ್ಷದ ಯಂತ್ರಕ್ಕೆ ಶೇ. 5 ಉಳಿಕೆ ಬೆಲೆ ಬಿಟ್ಟರೆ ಒಂದು ಪಾಳಿಯ ವಾರ್ಷಿಕ ಸವಕಳಿ ₹3.80 ಲಕ್ಷ, ವರ್ಷವಿಡೀ ಮೂರು ಪಾಳಿ ನಡೆದರೆ ₹7.60 ಲಕ್ಷ. ತೆರಿಗೆ ಲೆಕ್ಕದ ಸವಕಳಿ ಬೇರೆ ದರದಲ್ಲಿ, ಇಳಿಕೆ ಮೌಲ್ಯ ಪದ್ಧತಿಯಲ್ಲಿ ನಡೆಯುತ್ತದೆ. ಎರಡರ ವ್ಯತ್ಯಾಸದಿಂದ ಎಎಸ್-22ರ ಮುಂದೂಡಿದ ತೆರಿಗೆ ಹುಟ್ಟುತ್ತದೆ. ಪಲ್ಲಡಂ, ಉಡುಮಲೈಪೇಟೆ ಕಡೆ ಗಿರಣಿಗಳು ಹಾಕಿಸಿದ ಗಾಳಿಯಂತ್ರಗಳು ಇದಕ್ಕೆ ಒಳ್ಳೆಯ ಉದಾಹರಣೆ. ಅವಕ್ಕೆ ಒಂದು ಕಾಲಕ್ಕೆ ತೆರಿಗೆಯಲ್ಲಿ ಶೇ. 80ರ ಸವಕಳಿ ಸಿಗುತ್ತಿತ್ತು. 2017ರ ಏಪ್ರಿಲ್‌ನಿಂದ ಗರಿಷ್ಠ ದರ ಶೇ. 40ಕ್ಕೆ ಇಳಿಯಿತು.

ವಿದೇಶಿ ವಿನಿಮಯ. ರಫ್ತು ಬಿಲ್ಲನ್ನು ಎಎಸ್-11ರ ಪ್ರಕಾರ ವ್ಯವಹಾರದ ದಿನದ ದರದಲ್ಲಿ ಬರೆದು, ವರ್ಷಾಂತ್ಯದಲ್ಲಿ ಬಾಕಿಯಿದ್ದರೆ ಅಂದಿನ ದರಕ್ಕೆ ಮರುಲೆಕ್ಕ ಹಾಕಬೇಕು. 10,000 ಡಾಲರಿನ ಬಿಲ್ಲು ₹83ರ ದರದಲ್ಲಿ ದಾಖಲಾಗಿ ಮಾರ್ಚ್ 31ಕ್ಕೆ ದರ ₹84 ಆದರೆ ₹10,000 ಆ ವರ್ಷದ ಲಾಭ. ಮೇ ತಿಂಗಳಲ್ಲಿ ಹಣ ₹83.50ರ ದರದಲ್ಲಿ ಬಂದರೆ ₹5,000 ಮುಂದಿನ ವರ್ಷದ ನಷ್ಟ. ಮಾರಾಟದ ಮೊತ್ತ ಮಾತ್ರ ಕದಲುವುದಿಲ್ಲ.

ಪಾಲುದಾರಿಕೆ. ಈ ಭಾಗದ ಸಣ್ಣ ಮತ್ತು ಮಧ್ಯಮ ಘಟಕಗಳಲ್ಲಿ ಬಹಳಷ್ಟು ಅಣ್ಣತಮ್ಮಂದಿರ, ಬೀಗರ ಪಾಲುದಾರಿಕೆಗಳು. 1932ರ ಪಾಲುದಾರಿಕೆ ಕಾಯ್ದೆಯಂತೆ, ಒಪ್ಪಂದವಿಲ್ಲದಿದ್ದರೆ ಲಾಭ ಸಮಪಾಲು, ಬಂಡವಾಳಕ್ಕೆ ಬಡ್ಡಿಯಿಲ್ಲ, ಪಾಲುದಾರ ಕೊಟ್ಟ ಹೆಚ್ಚುವರಿ ಸಾಲಕ್ಕೆ ಶೇ. 6 ಬಡ್ಡಿ. ಒಪ್ಪಂದಪತ್ರಗಳಲ್ಲಿ ಶೇ. 12 ಬಡ್ಡಿ ಮತ್ತೆ ಮತ್ತೆ ಕಾಣಿಸುವುದಕ್ಕೆ ಆದಾಯ ತೆರಿಗೆ ಕಾನೂನು ಅಷ್ಟನ್ನು ಮಾತ್ರ ವೆಚ್ಚವೆಂದು ಒಪ್ಪುವುದು ಕಾರಣ. ವಿಸರ್ಜನೆಯ ಪಾಠದಲ್ಲಿ ಕಠಿಣ ಭಾಗ ಇಂಗ್ಲೆಂಡಿನ ‘ಗಾರ್ನರ್ ವಿರುದ್ಧ ಮರ್ರೆ’ ಪ್ರಕರಣದ ನಿಯಮ: ಒಬ್ಬ ಪಾಲುದಾರ ದಿವಾಳಿಯಾದರೆ ಉಳಿದವರು ಮೊದಲು ಆಸ್ತಿ ಮಾರಾಟದ ನಷ್ಟದಲ್ಲಿ ತಮ್ಮ ಪಾಲನ್ನು ನಗದಾಗಿ ತರಬೇಕು; ದಿವಾಳಿಯಾದವನ ಕೊರತೆಯನ್ನು ಲಾಭದ ಅನುಪಾತದಲ್ಲಲ್ಲ, ವಿಸರ್ಜನೆಗೆ ಮುಂಚಿನ ಬಂಡವಾಳದ ಅನುಪಾತದಲ್ಲಿ ಹಂಚಿಕೊಳ್ಳಬೇಕು.

ವಿಮಾ ಪರಿಹಾರ. ಹತ್ತಿ, ನೂಲು, ಬಟ್ಟೆ ಬೇಗ ಬೆಂಕಿ ಹಿಡಿಯುವ ಮಾಲು. ಲೆಕ್ಕದ ಪುಸ್ತಕದಿಂದ ಬೆಂಕಿಯ ದಿನದ ದಾಸ್ತಾನನ್ನು ಅಂದಾಜಿಸಿ, ವಿಮೆ ಸಾಲದಾಗಿದ್ದರೆ ಸರಾಸರಿ ಷರತ್ತನ್ನು ಅನ್ವಯಿಸುವುದು ಇಲ್ಲಿನ ಪಾಠ. ₹40 ಲಕ್ಷದ ಮಾಲಿಗೆ ₹30 ಲಕ್ಷದ ವಿಮೆಯಿದ್ದು ₹20 ಲಕ್ಷದ ಮಾಲು ಸುಟ್ಟರೆ ಸಿಗುವುದು ₹15 ಲಕ್ಷ.

ಅವಕಾಶ ಮೀಸಲು ಮತ್ತು ಸಂಭಾವ್ಯ ಹೊಣೆ. ನೊಯ್ಯಲ್ ನದಿ ಮಾಲಿನ್ಯದ ಪ್ರಕರಣದಲ್ಲಿ ಮದ್ರಾಸು ಹೈಕೋರ್ಟು 2011ರ ಜನವರಿಯಲ್ಲಿ ತಿರುಪ್ಪೂರಿನ ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಿತು. ತ್ಯಾಜ್ಯ ನೀರು ಹೊರಬಿಡದಂತೆ ಶುದ್ಧೀಕರಿಸುವ ಘಟಕಗಳು ಆಮೇಲೆ ಉದ್ಯಮದ ಅನಿವಾರ್ಯ ವೆಚ್ಚವಾದವು. ಕೋರ್ಟಿನಲ್ಲಿರುವ ಪರಿಹಾರದ ಬೇಡಿಕೆಯನ್ನು ಯಾವಾಗ ಹೊಣೆಯೆಂದು ಲೆಕ್ಕಕ್ಕೆ ತರಬೇಕು, ಯಾವಾಗ ಟಿಪ್ಪಣಿಯಲ್ಲಿ ತಿಳಿಸಿದರೆ ಸಾಕು ಎಂಬ ಎಎಸ್-29ರ ಪ್ರಶ್ನೆ ಇಂಥ ಸಂದರ್ಭದ್ದು.

ಶಾಖೆ, ವಿಭಾಗ ಮತ್ತು ಬಾಡಿಗೆ ಖರೀದಿಯ ಘಟಕಗಳು ಬೇರೆಡೆ ಕಲಿಸುವಂತೆಯೇ ಇಲ್ಲಿಯೂ ಇವೆ.

ವ್ಯಾಸಂಗದ ಪ್ರಕಾರಗಳು

ಸಾಮಾನ್ಯ ಬಿ.ಕಾಂ. ಜೊತೆಗೆ ಕಂಪ್ಯೂಟರ್ ಅಪ್ಲಿಕೇಶನ್ಸ್, ಪ್ರೊಫೆಷನಲ್ ಅಕೌಂಟಿಂಗ್, ಅಕೌಂಟಿಂಗ್ ಅಂಡ್ ಫೈನಾನ್ಸ್, ಕಾರ್ಪೊರೇಟ್ ಸೆಕ್ರೆಟರಿಶಿಪ್, ಬ್ಯಾಂಕಿಂಗ್ ಅಂಡ್ ಇನ್ಶೂರೆನ್ಸ್, ಇಂಟರ್‌ನ್ಯಾಷನಲ್ ಬಿಸಿನೆಸ್, ಬಿಸಿನೆಸ್ ಪ್ರೊಸೆಸ್ ಸರ್ವಿಸಸ್ ಮುಂತಾದ ವಿಶೇಷ ಶಾಖೆಗಳಿವೆ. ಕೊಯಮತ್ತೂರಿನಲ್ಲಿ ‘ಬಿ.ಕಾಂ. ಸಿಎ’ ಎಂದರೆ ಕಂಪ್ಯೂಟರ್ ಅಪ್ಲಿಕೇಶನ್ಸ್, ಚಾರ್ಟರ್ಡ್ ಅಕೌಂಟೆನ್ಸಿಗೂ ಅದಕ್ಕೂ ಸಂಬಂಧವಿಲ್ಲ. ಲೆಕ್ಕಶಾಸ್ತ್ರದ ಪತ್ರಿಕೆಗಳು ಈ ಎಲ್ಲ ಶಾಖೆಗಳಲ್ಲೂ ಇವೆಯಾದರೂ ಅವುಗಳ ಸಂಖ್ಯೆ ಮತ್ತು ಆಳದಲ್ಲಿ ವ್ಯತ್ಯಾಸವಿದೆ. ಅನುದಾನಿತ ವಿಭಾಗ ಮತ್ತು ಸ್ವಹಣಕಾಸು ವಿಭಾಗ ಒಂದೇ ಕಾಲೇಜಿನಲ್ಲಿ ಬೇರೆ ಬೇರೆ ಶುಲ್ಕದಲ್ಲಿ ನಡೆಯುವುದು ಸಾಮಾನ್ಯ.

ವೃತ್ತಿಪರ ದಾರಿ ಇದಕ್ಕೆ ಸಮಾನಾಂತರವಾದುದು. ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಗೆ ಕೊಯಮತ್ತೂರು ಮತ್ತು ತಿರುಪ್ಪೂರು ಎರಡರಲ್ಲೂ ಶಾಖೆಗಳಿವೆ. 2023ರಲ್ಲಿ ಪ್ರಕಟವಾದ ಹೊಸ ಯೋಜನೆಯಂತೆ ಅದರ ಇಂಟರ್‌ಮೀಡಿಯೆಟ್ ಪರೀಕ್ಷೆಯಲ್ಲಿ ಎರಡು ಗುಂಪುಗಳಲ್ಲಿ ಆರು ಪತ್ರಿಕೆಗಳಿವೆ. ಹಿಂದೆ ಎರಡಾಗಿದ್ದ ಲೆಕ್ಕಶಾಸ್ತ್ರದ ಪತ್ರಿಕೆಗಳು ‘ಅಡ್ವಾನ್ಸ್ಡ್ ಅಕೌಂಟಿಂಗ್’ ಎಂಬ ಒಂದರಲ್ಲಿ ಸೇರಿವೆ. ಪ್ರತಿ ಪತ್ರಿಕೆಯಲ್ಲಿ ಶೇ. 40, ಗುಂಪಿನಲ್ಲಿ ಒಟ್ಟು ಶೇ. 50 ಅಂಕ ಬೇಕು. ಆರ್ಟಿಕಲ್‌ಶಿಪ್ ಎಂಬ ಪ್ರಾಯೋಗಿಕ ತರಬೇತಿಯ ಅವಧಿ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ಕಾಸ್ಟ್ ಅಕೌಂಟೆಂಟರ ಸಂಸ್ಥೆಯ ಇಂಟರ್‌ಮೀಡಿಯೆಟ್‌ನಲ್ಲಿ ಎಂಟು ಪತ್ರಿಕೆಗಳಿದ್ದು, ಹಣಕಾಸು ಲೆಕ್ಕಶಾಸ್ತ್ರ ಮೊದಲ ಗುಂಪಿನಲ್ಲೂ ಕಾರ್ಪೊರೇಟ್ ಲೆಕ್ಕಶಾಸ್ತ್ರ ಲೆಕ್ಕಪರಿಶೋಧನೆಯ ಜೊತೆ ಎರಡನೆಯ ಗುಂಪಿನಲ್ಲೂ ಇವೆ. ಬ್ರಿಟನ್ನಿನ ಎಸಿಸಿಎ ಪರೀಕ್ಷೆಗೆ ಹೊಂದಿಸಿದ ಬಿ.ಕಾಂ. ತರಗತಿಗಳನ್ನೂ ಕೆಲವು ಕಾಲೇಜುಗಳು ನಡೆಸುತ್ತಿವೆ.

ಬೋಧನೆ ಮತ್ತು ಪರೀಕ್ಷೆ

ವಿದ್ಯಾರ್ಥಿಗಳು ಪತ್ರಿಕೆಗಳನ್ನು ‘ಥಿಯರಿ ಪೇಪರ್’, ‘ಪ್ರಾಬ್ಲಂ ಪೇಪರ್’ ಎಂದು ಎರಡಾಗಿ ವಿಂಗಡಿಸುತ್ತಾರೆ. ಮಧ್ಯಮ ಹಂತದ ಲೆಕ್ಕಶಾಸ್ತ್ರ ಎರಡನೆಯ ಜಾತಿಯದು. ಅಂಕಗಳಲ್ಲಿ ಸಾಮಾನ್ಯವಾಗಿ ಶೇ. 80 ಲೆಕ್ಕಗಳಿಗೆ, ಶೇ. 20 ಸಿದ್ಧಾಂತಕ್ಕೆ. ಉತ್ತರದ ಮೊತ್ತ ತಾಳೆಯಾಗದಿದ್ದರೂ ವರ್ಕಿಂಗ್ ನೋಟ್ ಸರಿಯಿದ್ದರೆ ಹಂತಹಂತವಾಗಿ ಅಂಕ ಸಿಗುತ್ತದೆ. ಹಾಗಾಗಿ ಬಡ್ಡಿ, ಅನುಪಾತ, ಗುಡ್‌ವಿಲ್‌ಗಳ ಲೆಕ್ಕವನ್ನು ಪುಟದ ಕೆಳಗೆ ಬಿಡಿಸಿ ಬರೆಯುವುದನ್ನು ತರಗತಿಯಲ್ಲಿ ಒತ್ತಿ ಹೇಳಲಾಗುತ್ತದೆ. ಉಳಿಸಿಕೊಂಡ ಪತ್ರಿಕೆಗೆ ಇಲ್ಲಿನ ಹೆಸರು ‘ಅರಿಯರ್’.

ಟಿ.ಎಸ್. ರೆಡ್ಡಿ ಮತ್ತು ಎ. ಮೂರ್ತಿ ಅವರ ಪುಸ್ತಕ ತಮಿಳುನಾಡಿನಾದ್ಯಂತ ಬಳಕೆಯಲ್ಲಿದೆ. ಎಸ್.ಪಿ. ಜೈನ್–ಕೆ.ಎಲ್. ನಾರಂಗ್, ಆರ್.ಎಲ್. ಗುಪ್ತ ಮತ್ತು ಶುಕ್ಲ–ಗ್ರೇವಾಲ್ ಜೋಡಿಯ ಪುಸ್ತಕಗಳು ಹೆಚ್ಚಿನ ಓದಿಗೆ.

ಪದವಿಯ ಮೊದಲ ಭಾಗ ತಮಿಳು ಅಥವಾ ಕಾಲೇಜಿನಲ್ಲಿರುವ ಬೇರೊಂದು ಭಾಷೆ, ಎರಡನೆಯದು ಇಂಗ್ಲಿಷ್, ಮೂರನೆಯದು ಮುಖ್ಯ ವಿಷಯಗಳು. ಖಾಸಗಿ ಕಾಲೇಜುಗಳಲ್ಲಿ ಪಾಠ ಇಂಗ್ಲಿಷಿನಲ್ಲಿ. ಶಾಲೆಯಲ್ಲಿ ತಮಿಳಿನಲ್ಲಿ ಓದಿದವರು ಖರ್ಚು-ಜಮಾಕ್ಕೆ ಪಟ್ರು-ವರವು, ಖಾತಾವಹಿಗೆ ಪೇರೇಡು, ದಿನವಹಿಗೆ ಕುರಿಪ್ಪೇಡು, ಸವಕಳಿಗೆ ತೇಯ್ಮಾನಂ ಎಂದು ಕಲಿತು ಬಂದಿರುತ್ತಾರೆ. ನೀಲಗಿರಿ ಹಾಗೂ ಈರೋಡು ಜಿಲ್ಲೆಯ ತಾಳವಾಡಿ ಕಡೆಯ ಕನ್ನಡ ಮಾತಿನ ಪ್ರದೇಶಗಳೂ ಭಾರತಿಯಾರ್ ವಿಶ್ವವಿದ್ಯಾಲಯದ ಜಿಲ್ಲೆಗಳಲ್ಲೇ ಇವೆ. ತಾಳವಾಡಿಯಿಂದ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಓದಲು ಬರುವವರಿಗೆ ಮನೆಯ ಕನ್ನಡ, ಶಾಲೆಯ ತಮಿಳು, ಕಾಲೇಜಿನ ಇಂಗ್ಲಿಷ್ ಮೂರರಲ್ಲೂ ಈ ಪದಗಳು ಬೇಕಾಗುತ್ತವೆ.

ಉಪಯೋಗ

ಊರಿನ ಮಾತಿನಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಎಂದರೆ ‘ಆಡಿಟರ್’. ‘ಆಡಿಟರ್ ಆಫೀಸು’ ಪದವೀಧರರ ಮೊದಲ ಕೆಲಸದ ತಾಣಗಳಲ್ಲೊಂದು. ಅಲ್ಲಿ ಅವರ ಪಾಲಿಗೆ ಬರುವುದು ಬ್ಯಾಂಕ್ ತಾಳೆ, ಜಿಎಸ್‌ಟಿ ವಿವರಪಟ್ಟಿ, ತೆರಿಗೆ ಲೆಕ್ಕಪರಿಶೋಧನೆಯ ಪಟ್ಟಿಗಳು. ಬನಿಯನ್ ಕಂಪನಿಯ ಲೆಕ್ಕಿಗ ಕೂಲಿಗೆ ಹೋದ ಮಾಲಿನ ಡೆಲಿವರಿ ಚಲನ್‌ಗಳನ್ನು ಜೋಡಿಸಿಡಬೇಕು. ಜಿಎಸ್‌ಟಿ ಕಾಯ್ದೆಯಂತೆ ಕಚ್ಚಾಮಾಲು ಒಂದು ವರ್ಷದೊಳಗೆ, ಬಂಡವಾಳ ಸರಕು ಮೂರು ವರ್ಷದೊಳಗೆ ಮರಳದಿದ್ದರೆ ಕಳಿಸಿದ ದಿನವೇ ಮಾರಿದಂತೆ ಲೆಕ್ಕ. ಪಲ್ಲಡಂ–ಉಡುಮಲೈಪೇಟೆ ಭಾಗದ ಕೋಳಿ ಸಾಕಣೆ ಕಂಪನಿಗಳು ರೈತರಿಗೆ ಮರಿ, ಮೇವು ಕೊಟ್ಟು ಸಾಕಣೆ ಕೂಲಿ ನೀಡುತ್ತವೆ. ಲೆಕ್ಕದ ದೃಷ್ಟಿಯಿಂದ ಅದೂ ಜಾಬ್ ವರ್ಕೇ, ಆದರೆ ದಾಸ್ತಾನು ಜೀವಂತ. ಜೈವಿಕ ಆಸ್ತಿಗಳಿಗೆ ಹೊಸ ಮಾನಕ ಸರಣಿಯ ಇಂಡ್ ಎಎಸ್-41 ಇದೆ. ಹಳೆಯ ಲೆಕ್ಕಮಾನಕಗಳಲ್ಲಿ ಅದಕ್ಕೆ ಸಮನಾದದ್ದಿಲ್ಲ.

ಇಂದಿನ ಸ್ಥಿತಿ

ಭಾರತದಲ್ಲಿ ಈಗ ಹಳೆಯ ಎಎಸ್ ಮತ್ತು ಹೊಸ ಇಂಡ್ ಎಎಸ್ ಎಂಬ ಎರಡು ಮಾನಕ ಸರಣಿಗಳು ಜಾರಿಯಲ್ಲಿವೆ. 2015ರ ನಿಯಮಗಳಂತೆ ₹500 ಕೋಟಿ ಮತ್ತು ಹೆಚ್ಚಿನ ನಿವ್ವಳ ಸಂಪತ್ತಿನ ಕಂಪನಿಗಳಿಗೆ 2016ರ ಏಪ್ರಿಲ್‌ನಿಂದ, ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳಿಗೂ ₹250 ಕೋಟಿ ಮೇಲ್ಪಟ್ಟ ಇತರ ಕಂಪನಿಗಳಿಗೂ 2017ರ ಏಪ್ರಿಲ್‌ನಿಂದ ಇಂಡ್ ಎಎಸ್ ಕಡ್ಡಾಯವಾಯಿತು. ಈ ಎರಡು ಜಿಲ್ಲೆಗಳ ಬಹುತೇಕ ಘಟಕಗಳು ಆ ಮಿತಿಯ ಕೆಳಗಿವೆ. ಆದ್ದರಿಂದ ಹಳೆಯ ಎಎಸ್ ಸರಣಿಯೇ ಪಾಠದಲ್ಲೂ ಕೆಲಸದಲ್ಲೂ ಮುಖ್ಯ.

ಬೆಂಗಳೂರಿನಲ್ಲಿ 1986ರಲ್ಲಿ ಹುಟ್ಟಿದ ಕಂಪನಿಯ ಟ್ಯಾಲಿ ತಂತ್ರಾಂಶ ಲೆಕ್ಕದ ಪುಸ್ತಕದ ಜಾಗವನ್ನು ಆಕ್ರಮಿಸಿ ದಶಕಗಳಾದವು. ನಮೂದಾದ ಪ್ರತಿ ಬದಲಾವಣೆಯ ಜಾಡು ಉಳಿಯುವಂಥ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಕಂಪನಿಗಳಿಗೆ ಜಾರಿಯಾಗಿದೆ. ಹೀಗಾಗಿ ಮಾರ್ಚ್ ಕೊನೆಯಲ್ಲಿ ಹಳೆಯ ನಮೂದನ್ನು ಸದ್ದಿಲ್ಲದೆ ತಿದ್ದುವ ರೂಢಿಗೆ ತಡೆ ಬಿದ್ದಿದೆ. 2023ರ ಹಣಕಾಸು ಕಾಯ್ದೆ ಅತಿ ಸಣ್ಣ ಮತ್ತು ಸಣ್ಣ ಘಟಕಗಳಿಗೆ ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನ, ಇಲ್ಲವಾದರೆ 15 ದಿನದೊಳಗೆ ಹಣ ಕೊಡದಿದ್ದಲ್ಲಿ ಆ ವೆಚ್ಚವನ್ನು ಕೊಟ್ಟ ವರ್ಷದಲ್ಲೇ ಕಳೆಯಬೇಕೆಂದು ವಿಧಿಸಿತು. ಸಾಲದ ಮೇಲೆ ಉರುಳುವ ತಿರುಪ್ಪೂರಿನ ಕೂಲಿ ವ್ಯವಹಾರದಲ್ಲಿ ಸಾಲಿಗರ ಪಟ್ಟಿಯನ್ನು ಘಟಕದ ಗಾತ್ರದ ಮೇಲೆ ವಿಂಗಡಿಸುವುದು ಇದರಿಂದ ಅಗತ್ಯವಾಯಿತು.

ತಮಿಳುನಾಡು ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿಯನ್ನು ಒಪ್ಪದೆ ಮೂರು ವರ್ಷದ ಬಿ.ಕಾಂ. ಮುಂದುವರಿಸಿದೆ. ಕರ್ನಾಟಕ 2021–22ರಲ್ಲಿ ಅಳವಡಿಸಿಕೊಂಡ ಆ ವ್ಯವಸ್ಥೆಯನ್ನು 2024–25ರಿಂದ ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ಬೆಂಗಳೂರು ಮುಂತಾದ ವಿಶ್ವವಿದ್ಯಾಲಯಗಳಲ್ಲಿ ‘ಅಡ್ವಾನ್ಸ್ಡ್ ಫೈನಾನ್ಷಿಯಲ್ ಅಕೌಂಟಿಂಗ್’ ಎಂಬ ಹೆಸರಿನಲ್ಲಿ ಬರುವ ಬಾಡಿಗೆ ಖರೀದಿ, ಶಾಖೆ, ವಿಭಾಗ, ವಿಮಾ ಪರಿಹಾರಗಳ ಪತ್ರಿಕೆಗೂ ಕೊಯಮತ್ತೂರಿನ ಎರಡನೆಯ ಸೆಮಿಸ್ಟರಿನ ಪತ್ರಿಕೆಗೂ ಘಟಕಗಳು ಬಹುಮಟ್ಟಿಗೆ ಒಂದೇ.